ನೀರಿನ ಮಾತು: ಗಂಡೋ ಹೆಣ್ಣೋ, ಜೀನೋಮ್ ಹೇಳುತ್ತದೆ

ಈ ಸಲ ಬಂದ ಪತ್ರಗಳಲ್ಲಿ ದೊಡ್ಡ ಮೀನುಗಳ ಬಗ್ಗೆ ಕೇಳಿದವೇ ಜಾಸ್ತಿ. ಹಾಗಾಗಿ ಗಪ್ಪಿಯ ಬಾಲ ಯಾಕೆ ಉದುರುತ್ತದೆ ಎಂದು ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ಅಮೆಜಾನ್‌ನ ಅರಪೈಮ ಮೀನಿನ ಜೀನೋಮ್ ಓದಿದ್ದಾರಂತೆ. ಅದು ಯಾಕೆ ಅಷ್ಟು ದೊಡ್ಡದಾಗುತ್ತದೆ ಅಂತ ಗೊತ್ತಾಯಿತಾ?
– ಬಿಎಸ್ಸಿ ವಿದ್ಯಾರ್ಥಿನಿ, ಶಿವಮೊಗ್ಗ

ಜೀನೋಮ್ ಅಂದರೆ ಒಂದು ಜೀವಿಯ ಡಿಎನ್‌ಎಯ ಪೂರ್ತಿ ಬರಹ, ಜೀನ್ ಅಂದರೆ ಅದರಲ್ಲಿನ ಒಂದೊಂದು ಸೂಚನೆ. ಪೂರ್ತಿ ಗೊತ್ತಾಗಿಲ್ಲಮ್ಮ. ಆದರೆ ಎಲ್ಲಿ ಹುಡುಕಬೇಕು ಅನ್ನುವುದು ಸ್ವಲ್ಪ ಗೊತ್ತಾಗಿದೆ.

ಮೊದಲು ಮೀನನ್ನು ನೋಡೋಣ. ಬ್ರೆಜಿಲ್‌ನಲ್ಲಿ ಇದಕ್ಕೆ ಪಿರಾರುಕು ಎನ್ನುತ್ತಾರೆ, ಪೆರುವಿನಲ್ಲಿ ಪೈಚೆ. ಉದ್ದ 3 ಮೀಟರ್, ತೂಕ 200 ಕೆಜಿವರೆಗೆ ಹೋಗುತ್ತದೆ. ಕಿವಿರು ಇದ್ದರೂ ಅದರಿಂದ ಬರುವ ಆಮ್ಲಜನಕ ಸಾಲದು. ಆಗಾಗ ಮೇಲೆ ಬಂದು ಗಾಳಿ ಕುಡಿಯಲೇಬೇಕು, ಇಲ್ಲದಿದ್ದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಒಳಗಿನ ಗಾಳಿಚೀಲವೇ ಅದಕ್ಕೆ ಶ್ವಾಸಕೋಶ. ನಮ್ಮ ಕಾಟ್ಲ ಒಳ್ಳೆ ಕೆರೆಯಲ್ಲಿ ವರ್ಷಕ್ಕೆ ಒಂದು ಕೆಜಿ ತೂಗಿದರೆ ಸಾಕಿದವರಿಗೆ ಖುಷಿ. ಅರಪೈಮ ಮರಿ ಮೊದಲ ವರ್ಷದಲ್ಲೇ 10 ಕೆಜಿ ದಾಟುತ್ತದೆ.

2018 ಮತ್ತು 2019ರಲ್ಲಿ ಅದರ ಜೀನೋಮ್ ಪ್ರಕಟವಾಯಿತು. ಸುಮಾರು 66 ಕೋಟಿ ಅಕ್ಷರಗಳು. ಮನುಷ್ಯರದು 310 ಕೋಟಿ. ಅಂದರೆ ನಮ್ಮದರ ಐದರಲ್ಲಿ ಒಂದು ಪಾಲು! ಅದನ್ನು ಅದರ ದಾಯಾದಿ ಏಷ್ಯಾದ ಅರೋವಾನ ಮತ್ತು ಬೇರೆ ಮೀನುಗಳ ಜೀನೋಮ್ ಜೊತೆ ಪಕ್ಕಪಕ್ಕ ಇಟ್ಟು ನೋಡಿದರು. ಅರೋವಾನ ಒಂದು ಮೀಟರ್ ಮುಟ್ಟುವುದೂ ಕಷ್ಟ. ಬೆಳವಣಿಗೆಗೆ ಸಂಬಂಧಿಸಿದ ಕೆಲವು ಜೀನ್‌ಗಳು ಅರಪೈಮದ ವಂಶದಲ್ಲಿ ಬೇಗ ಬೇಗ ಬದಲಾಗಿರುವುದು ಕಂಡಿತು. ನಿಸರ್ಗ ಅವನ್ನು ಆಯ್ದು ಉಳಿಸಿಕೊಂಡ ಗುರುತು ಇದು.

ಆದರೆ ಗುರುತು ಸಿಕ್ಕಿದ ಮಾತ್ರಕ್ಕೆ ಕಾರಣ ಸಿಕ್ಕಿತು ಅನ್ನೋ ಹಾಗಿಲ್ಲ. ಈ ಜೀನ್ ಬದಲಾದದ್ದರಿಂದಲೇ ಮೀನು ದೊಡ್ಡದಾಯಿತು ಎನ್ನಬೇಕಾದರೆ ಅದನ್ನು ಕೆಡಿಸಿ ನೋಡಬೇಕು. ಗೇಣುದ್ದ ಗಾಜಿನ ತೊಟ್ಟಿಯಲ್ಲಿ ಬದುಕುವ ಜೀಬ್ರಾಮೀನಿನಲ್ಲಿ ಅದು ಆಗುವ ಕೆಲಸ. 200 ಕೆಜಿ ಪ್ರಾಣಿಯಲ್ಲಿ ಯಾರು ಮಾಡುತ್ತಾರೆ ಹೇಳಿ! "ದೈತ್ಯ ಮೀನಿನ ಗುಟ್ಟು ರಟ್ಟು" ಎಂದು ಯಾರಾದರೂ ಬರೆದರೆ ಸುಮ್ನೆ ನಂಬಬೇಡಿ.

ಪ್ರಶ್ನೆ: ಹಾಗಾದರೆ ಇಷ್ಟು ಖರ್ಚು ಮಾಡಿ ಜೀನೋಮ್ ಓದಿ ಮೀನು ಸಾಕುವವನಿಗೆ ಏನು ಲಾಭ?
– ಮೀನು ಕೃಷಿಕ, ಮಂಡ್ಯ

ನನಗೆ ಇಷ್ಟವಾದ ಪ್ರಶ್ನೆ. ಇಂಥದ್ದನ್ನು ಕೇಳಿಸಿಕೊಂಡೇ ನನ್ನ ಸರ್ವಿಸ್ ಮುಗಿದದ್ದು, ಮೀನುಮರಿ ಕೇಂದ್ರದಲ್ಲಿ.

ನಿಮಗೆ ಗೊತ್ತಿರುವುದೇ. ಮುಂಗಾರಿನಲ್ಲಿ ಕಾಟ್ಲ, ರೋಹು ಮರಿ ಮಾಡಿಸುವಾಗ ಗಂಡು ಹೆಣ್ಣು ಬೇರೆ ಮಾಡುವುದು ಕೈಯಲ್ಲೇ. ಎದೆಯ ಹತ್ತಿರದ ರೆಕ್ಕೆಯ ಒಳಮೈ ಮೇಲೆ ಹೆಬ್ಬೆರಳು ಆಡಿಸಿದರೆ ಗಂಡಿನದು ಒರಟಾಗಿ ತರತರ ಎನ್ನುತ್ತದೆ, ಹೆಣ್ಣಿನದು ನುಣುಪು. ಹೊಟ್ಟೆ ಮೆಲ್ಲಗೆ ಒತ್ತಿದರೆ ಗಂಡಿನಿಂದ ಹಾಲಿನಂಥದ್ದು ಒಸರುತ್ತದೆ. ಹೆಣ್ಣಿನ ಹೊಟ್ಟೆ ಉಬ್ಬಿ ಮೆತ್ತಗಿರುತ್ತದೆ. ನಮ್ಮಲ್ಲಿ ಬಲೆ ಎಳೆಯುತ್ತಿದ್ದ ಒಬ್ಬ ಹಿರಿಯರು ಕತ್ತಲಲ್ಲೂ ತಪ್ಪದೆ ಹೇಳುತ್ತಿದ್ದರು. "ಟಾರ್ಚ್ ಯಾಕ್ ಮೇಡಮ್, ಕೈಗೆ ಕಣ್ಣಿಲ್ವಾ?" ಅನ್ನೋರು.

ಅರಪೈಮದಲ್ಲಿ ಆ ಭಾಗ್ಯ ಇಲ್ಲ. ಮರಿ ಮಾಡುವ ಕಾಲ ಬಿಟ್ಟರೆ ಗಂಡು ಹೆಣ್ಣು ಒಂದೇ ಥರ. ಪ್ರಾಯಕ್ಕೆ ಬರಲು ಮೂರರಿಂದ ಐದು ವರ್ಷ ಬೇಕು. ಅಷ್ಟು ವರ್ಷ ಮೇವು ಹಾಕಿ, ಜೋಡಿ ಎಂದು ಒಂದು ಕೊಳಕ್ಕೆ ಬಿಟ್ಟರೆ ಅವೆರಡೂ ಗಂಡೇ ಆಗಿರಬಹುದು. ಕಾಟ್ಲಕ್ಕೆ ಕೊಟ್ಟ ಹಾಗೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಮರಿ ಮಾಡಿಸುವುದೂ ಇದರಲ್ಲಿ ನೆಚ್ಚುವ ಹಾಗಿಲ್ಲ. ಅವು ತಾವಾಗಿ ಜೋಡಿ ಕಟ್ಟಿಕೊಂಡು, ಕೊಳದ ತಳದಲ್ಲಿ ಗುಂಡಿ ಮಾಡಿ, ಮೊಟ್ಟೆ ಇಡಬೇಕು. ಆಮೇಲೆ ಮರಿಗಳು ಅಪ್ಪನ ತಲೆಯ ಸುತ್ತಲೇ ಗುಂಪಾಗಿ ತಿರುಗುತ್ತವೆ. ಹೀಗಾಗಿ ಸಾಕುವವರು ರಕ್ತ ತೆಗೆದು, ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನ್ ಇದೆಯಾ ಎಂದು ಪರೀಕ್ಷೆ ಮಾಡಿಸಬೇಕಾಗಿತ್ತು. ಅದೂ ಪ್ರಾಯಕ್ಕೆ ಬಂದ ಮೀನಿನಲ್ಲಿ ಮಾತ್ರ ಚೆನ್ನಾಗಿ ತಿಳಿಯುವಂಥದ್ದು.

ಗಂಡು ಮತ್ತು ಹೆಣ್ಣು ಎರಡರ ಜೀನೋಮ್ ಓದಿ ಹೋಲಿಸಿದಾಗ ಗಂಡಿನಲ್ಲಿ ಮಾತ್ರ ಇರುವ ಒಂದು ಸಣ್ಣ ತುಂಡು ಸಿಕ್ಕಿತು. ನಮ್ಮ ಹಾಗೆಯೇ ಎಕ್ಸ್–ವೈ ಪದ್ಧತಿ: ಡಿಎನ್‌ಎ ಸುತ್ತಿಟ್ಟ ಎಳೆಗಳಾದ ಕ್ರೋಮೋಸೋಮ್‌ಗಳಲ್ಲಿ ಎರಡು ಎಕ್ಸ್ ಇದ್ದರೆ ಹೆಣ್ಣು, ಒಂದು ಎಕ್ಸ್ ಒಂದು ವೈ ಇದ್ದರೆ ಗಂಡು. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಕ್ರೋಮೋಸೋಮ್ ಒಂದೇ ಥರ ಕಾಣುತ್ತವೆ. 2021ರಲ್ಲಿ ಆ ತುಂಡಿನೊಳಗೆ ಐಡಿ2ಬಿ ಎಂಬ ಜೀನಿನ ಒಂದು ಹೆಚ್ಚುವರಿ ಪ್ರತಿ ಕಂಡಿತು. ಮರಿಯನ್ನು ಗಂಡು ಮಾಡುವುದು ಅದೇ ಇರಬೇಕು ಎಂಬ ಅನುಮಾನ. ಅನುಮಾನ ನಿಜವೋ ಸುಳ್ಳೋ, ಸಾಕುವವನಿಗೆ ಅದರ ಚಿಂತೆ ಬೇಡ. ಆ ತುಂಡು ಇದೆಯೋ ಇಲ್ಲವೋ ಎಂದು ನೋಡಿದರೆ ಆಯಿತು. ರೆಕ್ಕೆಯ ತುದಿ ಚೂರು ಕತ್ತರಿಸಿ ಪಿಸಿಆರ್ (ಡಿಎನ್‌ಎಯ ಬೇಕಾದ ತುಂಡನ್ನು ನಕಲು ಮಾಡಿ ಹೆಚ್ಚಿಸಿ ತೋರಿಸುವ ಪರೀಕ್ಷೆ) ಮಾಡಿದರೆ ಬೆರಳುದ್ದದ ಮರಿಯಲ್ಲೇ ತಿಳಿಯುತ್ತದೆ.

ಕ್ಯಾವಿಯರ್‌ಗಾಗಿ ಸ್ಟರ್ಜನ್ ಮೀನು ಸಾಕುವವರ ಕಷ್ಟವೂ ಇದೇ. ಕ್ಯಾವಿಯರ್ ಅಂದರೆ ಉಪ್ಪು ಹಾಕಿದ ಅದರ ಮೊಟ್ಟೆ. ಅವರಿಗೆ ಮೊಟ್ಟೆ ಬೇಕು, ಅಂದರೆ ಹೆಣ್ಣು ಬೇಕು. ಅದು ತಿಳಿಯಲು ವರ್ಷಗಟ್ಟಲೆ ಸಾಕಿ ಸ್ಕ್ಯಾನ್ ಮಾಡಬೇಕಿತ್ತು. 2020ರಲ್ಲಿ ಸ್ಟರ್ಲೆಟ್ ಎಂಬ ಸ್ಟರ್ಜನ್‌ನ ಜೀನೋಮ್ ಬಂತು. ಅದರ ಬೆನ್ನಿಗೇ 2021ರಲ್ಲಿ ಹೆಣ್ಣಿನಲ್ಲಿ ಮಾತ್ರ ಇರುವ ತುಂಡು ಸಿಕ್ಕಿತು. ಆಶ್ಚರ್ಯ ಏನೆಂದರೆ, 18 ಕೋಟಿ ವರ್ಷ ಹಿಂದೆ ಬೇರೆಯಾದ ಸ್ಟರ್ಜನ್ ಜಾತಿಗಳಲ್ಲೂ ಅದೇ ತುಂಡು ಇದೆ.

ನಿಮ್ಮ ಕಾಟ್ಲಕ್ಕೆ ಇದು ಯಾವುದೂ ಬೇಡ. ಹೆಬ್ಬೆರಳು ಸಾಕು.

ಪ್ರಶ್ನೆ: ಮೀನು ದೊಡ್ಡದಾದಷ್ಟೂ ಜೀನೋಮ್ ದೊಡ್ಡದಾ?
– ಒಂಬತ್ತನೇ ತರಗತಿ, ಹಾವೇರಿ

ಇಲ್ಲ ಪುಟ್ಟ. ಅರಪೈಮದ್ದು 66 ಕೋಟಿ ಅಕ್ಷರ ಅಂದೆನಲ್ಲ? ಅದೇ ದಕ್ಷಿಣ ಅಮೆರಿಕದಲ್ಲಿ ಶ್ವಾಸಮೀನು ಎಂದು ಒಂದಿದೆ, ಅರಪೈಮಕ್ಕಿಂತ ಎಷ್ಟೋ ಚಿಕ್ಕದು. 2024ರಲ್ಲಿ ಅದರ ಜೀನೋಮ್ ಓದಿದಾಗ ಸುಮಾರು 9,100 ಕೋಟಿ ಅಕ್ಷರ ಇತ್ತು. ಮನುಷ್ಯರದಕ್ಕಿಂತ 30 ಪಟ್ಟು. ಅದರಲ್ಲಿ ಹೆಚ್ಚಿನದು ತನ್ನನ್ನು ತಾನೇ ನಕಲು ಮಾಡಿಕೊಂಡು ಅಲ್ಲಲ್ಲಿ ಸೇರಿಕೊಂಡ ತುಂಡುಗಳು.

ಪ್ರಶ್ನೆ: ನಮ್ಮ ಕಾವೇರಿಯ ಬಿಳಿಮೀನಿನ ಜೀನೋಮ್ ಓದಿದರೆ ಏನು ತಿಳಿಯಬಹುದು? ನಮ್ಮ ತಾತ ಆಳೆತ್ತರದ ಮೀನು ನೋಡಿದ್ದೆ ಅನ್ನೋರು. ನಂಬಬಹುದಾ?
– ಅಂಗಡಿ ಮಾಲೀಕ, ಕೊಳ್ಳೇಗಾಲ

ತಾತನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಬಿಳಿಮೀನು ಅಂದರೆ ಮಹಸೀರ್. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ ಮಹಸೀರ್ 120 ಪೌಂಡ್, ಅಂದರೆ 54 ಕೆಜಿ ತೂಗಿತ್ತು. ಬೆನ್ನಿನ ಗೂನು, ಕಿತ್ತಳೆ ಬಣ್ಣದ ರೆಕ್ಕೆ ಈ ಮೀನಿನ ಗುರುತು.

ಇಷ್ಟು ಹೆಸರು ಮಾಡಿದ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರು ನಿಂತದ್ದು 2018ರಲ್ಲಿ! ತಮಿಳುನಾಡಿನ ಮೋಯಾರ್ ಹೊಳೆಯಲ್ಲಿ ಸಿಕ್ಕ ಮೀನುಗಳ ಮೈಕಟ್ಟು ಅಳೆದು, ಡಿಎನ್‌ಎಯ ಸಣ್ಣ ತುಂಡು ಓದಿ ನೋಡಿದರು. ಕೇರಳದ ಪಾಂಬಾರ್ ಹೊಳೆಯಿಂದ ಮೊದಲೇ ವಿವರಿಸಿದ್ದ ಟಾರ್ ರೆಮಾದೇವಿ ಇದೇ ಎಂದು ತಿಳಿಯಿತು. ಮೋಯಾರ್, ಪಾಂಬಾರ್ ಎರಡರ ನೀರೂ ಕೊನೆಗೆ ಕಾವೇರಿಗೇ ಬರುತ್ತದೆ ಅಲ್ವಾ? ಅದೇ ವರ್ಷ ಇದು ಅಳಿವಿನ ಅಂಚಿನ ಕೆಂಪು ಪಟ್ಟಿಗೆ, ಅದರಲ್ಲೂ ತೀರಾ ಅಪಾಯದ ಸಾಲಿಗೆ ಸೇರಿತು. ಹೊರಗಿನಿಂದ ಮರಿ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್ ಕಾವೇರಿಯಲ್ಲಿ ಇದರ ಜಾಗ ಹಿಡಿದಿದೆ.

ಅಂದು ಓದಿದ್ದು ತಾಯಿಯಿಂದ ಮಾತ್ರ ಬರುವ ಡಿಎನ್‌ಎ. ಜಾತಿ ಯಾವುದು ಎನ್ನಲು ಅದು ಸಾಕು. ನೀಲಿ ರೆಕ್ಕೆಯದರ ಜೊತೆ ಬೆರಕೆ ಆಗಿದೆಯಾ ಎಂದು ಕೇಳಿದರೆ ಸಾಲದು. ತಂದೆಯ ಪಾಲೂ ಬೇಕು, ಪೂರ್ತಿ ಜೀನೋಮ್ ಬೇಕು. ಬಿಳಿಮೀನಿನ ಮಟ್ಟಿಗೆ ನಾನು ಮೊದಲು ಕೇಳುವುದು ಈ ಪ್ರಶ್ನೆಯನ್ನೇ. ಬೆರಕೆ ತಾಯಿಮೀನಿನಿಂದ ಮರಿ ಮಾಡಿಸಿ ಹೊಳೆಗೆ ಬಿಟ್ಟರೆ ಉಳಿಸಲು ಹೋಗಿ ಅಳಿಸಿದ ಹಾಗೆ.

ಒಂದು ತೊಡಕಿದೆ. ರೋಹುವಿನಲ್ಲಿ 50 ಕ್ರೋಮೋಸೋಮ್, ಮಹಸೀರ್‌ಗಳಲ್ಲಿ 100. ಹಿಂದೆ ಯಾವುದೋ ಕಾಲದಲ್ಲಿ ಇಡೀ ಜೀನೋಮೇ ದುಪ್ಪಟ್ಟಾಗಿದೆ. ಜೀನೋಮನ್ನು ಚೂರು ಚೂರಾಗಿ ಓದಿ ಆಮೇಲೆ ಜೋಡಿಸುತ್ತಾರೆ. ಅಲ್ಲಲ್ಲಿ ಒಂದೆರಡು ಹೆಸರು ಮಾತ್ರ ಬೇರೆ ಇರುವ ಎರಡು ಲಗ್ನಪತ್ರಿಕೆಗಳನ್ನು ಹರಿದು ಬೆರೆಸಿ, ಯಾವ ಚೂರು ಯಾವುದರದು ಹೇಳಿ ಎಂದ ಹಾಗಿರುತ್ತದೆ. ಈಗ ಉದ್ದುದ್ದ ತುಂಡು ಒಟ್ಟಿಗೇ ಓದುವ ಯಂತ್ರ ಬಂದಿರುವುದರಿಂದ ಮೊದಲಿನಷ್ಟು ಕಷ್ಟವಿಲ್ಲ.

ಪ್ರಶ್ನೆ: ಜೀನೋಮ್ ಓದಿದರೆ ಅಮೆಜಾನ್‌ನ ಮೀನು ಉಳಿಯುತ್ತದಾ?
– ನಿವೃತ್ತ ಶಿಕ್ಷಕ, ಧಾರವಾಡ

ಓದಿದ್ದರಿಂದಲೇ ಉಳಿಯುವುದಿಲ್ಲ ಮೇಷ್ಟ್ರೇ. ಅರಪೈಮ ಮತ್ತೆ ಹೆಚ್ಚಿದ್ದು ಬ್ರೆಜಿಲ್‌ನ ಮಾಮಿರಾವಾ ಎಂಬ ರಕ್ಷಿತ ಪ್ರದೇಶದಲ್ಲಿ, ಬೆಸ್ತರ ಲೆಕ್ಕದಿಂದ. ಮೀನು ಗಾಳಿಗೆ ಮೇಲೆ ಬರುತ್ತದಲ್ಲ, ಸರೋವರವನ್ನು ಭಾಗ ಮಾಡಿಕೊಂಡು ದೋಣಿಯಲ್ಲಿ ಕೂತು ಅದನ್ನೇ ಎಣಿಸುತ್ತಾರೆ. ದೊಡ್ಡ ಮೀನಿನಲ್ಲಿ ನೂರಕ್ಕೆ 30ರಷ್ಟು ಮಾತ್ರ ಹಿಡಿಯಬಹುದು. ಒಂದೂವರೆ ಮೀಟರ್‌ಗಿಂತ ಚಿಕ್ಕದನ್ನು ಮುಟ್ಟುವ ಹಾಗಿಲ್ಲ. 1999ರಿಂದ ನಡೆಯುತ್ತಿರುವ ಪದ್ಧತಿ ಇದು.

ಪ್ರಶ್ನೆ: ಮನೆಯ ಅಕ್ವೇರಿಯಂನಲ್ಲಿ ಮಗ ತಂದ ಅರಪೈಮ ಮರಿ ಈಗ ಎರಡು ಅಡಿ ಆಗಿದೆ. ತೊಟ್ಟಿ ಸಾಲುತ್ತಿಲ್ಲ. ಊರಿನ ಕೆರೆಗೆ ಬಿಡಲಾ?
– ಗೃಹಿಣಿ, ಬೆಂಗಳೂರು

ದಯವಿಟ್ಟು ಬಿಡಬೇಡಿ. 2018ರ ಪ್ರವಾಹದಲ್ಲಿ ಕೇರಳದ ಸಾಕಣೆ ಕೊಳಗಳಿಂದ ತಪ್ಪಿಸಿಕೊಂಡ ಅರಪೈಮ ಅಲ್ಲಿನ ಹೊಳೆಗಳಲ್ಲಿ ಬಲೆಗೆ ಬಿದ್ದಿದ್ದವು. ಇದು ಬೇರೆ ಮೀನುಗಳನ್ನು ನುಂಗಿ ಬದುಕುವ ಮೀನು. ಈಜುರೆಕ್ಕೆ ಬಡಿದರೆ ಗಾಜೂ ಒಡೆಯಬಹುದು, ಹುಷಾರು. ದೊಡ್ಡ ಸಿಮೆಂಟ್ ತೊಟ್ಟಿ ಇರುವವರಿಗೆ ಕೊಡಿ, ಇಲ್ಲವೇ ಜಿಲ್ಲೆಯ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಸಾಗಿಸುವಾಗ ಪೂರ್ತಿ ನೀರು ತುಂಬಿ ಮುಚ್ಚಳ ಬಿಗಿಯಬೇಡಿ. ಮೇಲೆ ಗಾಳಿಗೆ ಜಾಗ ಇರಲಿ. ಮಗನಿಗೆ ಇನ್ನೊಂದು ಮೀನು ಬೇಕೆಂದರೆ ಗಪ್ಪಿ ಕೊಡಿಸಿ.