ನಾಲ್ಕು ವರ್ಷದ ಮಗು ಸಿನಿಮಾ ನೋಡುವಾಗ ಏಕೆ ಹೆದರಿ ಅಳುತ್ತದೆ?

ಬಾಗಲಕೋಟೆಯ ಚಿತ್ರಮಂದಿರದಲ್ಲಿ ನಾಲ್ಕು ವರ್ಷದ ಮಗಳು ಹೆದರಿ ಅತ್ತಳು, ಇದು ಹಟವೇ ಎಂದು ನೀವು ಕೇಳಿದ್ದೀರಿ. ತೆರೆಯ ಮೇಲೆ ಕಾಣುವುದು ನಟನೆ ಎಂದು ಮೊದಲೇ ತಿಳಿಸಿದ್ದರೂ, ಆ ತಿಳಿವಳಿಕೆಯನ್ನು ಭಯದ ಕ್ಷಣದಲ್ಲಿ ನೆನೆದು ಮನಸ್ಸನ್ನು ಸಮಾಧಾನಪಡಿಸಿಕೊಳ್ಳುವ ಶಕ್ತಿ ಆ ವಯಸ್ಸಿನಲ್ಲಿ ಇನ್ನೂ ಬೆಳೆದಿರುವುದಿಲ್ಲ. ಆದ್ದರಿಂದ ನಿಮ್ಮ ಮಗಳು ಅತ್ತದ್ದು ಹಟವಲ್ಲ. ಸುಮಾರು ಏಳು ವರ್ಷದವರೆಗೆ ಮಕ್ಕಳು ಪಾತ್ರದ ಉದ್ದೇಶಕ್ಕಿಂತ ಅದರ ರೂಪಕ್ಕೇ ಹೆಚ್ಚು ಬೆಲೆ ಕೊಡುತ್ತಾರೆ. ಹೀಗಾಗಿ ಕಥೆಯಲ್ಲಿ ಒಳ್ಳೆಯವನೇ ಆಗಿದ್ದರೂ ವಿಕಾರ ಮುಖದವನನ್ನು ಕಂಡು ಚೀರುವ ಮಗು, ದೊಡ್ಡವರನ್ನು ಕಂಗೆಡಿಸುವ ಯುದ್ಧದ ಸುದ್ದಿಯನ್ನು ನಿಶ್ಚಿಂತೆಯಿಂದ ಕೇಳಿಸಿಕೊಂಡಿರಬಹುದು. ಕತ್ತಲೆ, ಎದೆಗೆ ಬಡಿಯುವಂತಹ ಸದ್ದು ಇವು ಆ ಭಯವನ್ನು ಇನ್ನಷ್ಟು ಹೆಚ್ಚಿಸುತ್ತವೆ. (ನಮ್ಮ ಕಡೆಯ ದೊಡ್ಡಾಟದ ರಾಕ್ಷಸನೂ ಮಕ್ಕಳನ್ನು ಹೆದರಿಸುತ್ತಾನೆ, ಆದರೆ ಅವನು ಕಿರೀಟ ತೆಗೆದಿಟ್ಟು ಚಹಾ ಕುಡಿಯುವುದನ್ನು ಮಗುವಿಗೆ ತೋರಿಸಬಹುದು.)

ಅಳು ಆರಂಭವಾದಾಗ ವಿವರಣೆಗಿಂತ ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಅದೂ ಸಾಲದಿದ್ದರೆ ಹೊರಗೆ ಕರೆದೊಯ್ಯುವುದು ಹೆಚ್ಚು ಫಲಕಾರಿ. ಬಲವಂತವಾಗಿ ಕೂರಿಸಿದರೆ ಭಯ ರಾತ್ರಿಯ ನಿದ್ರೆಗೂ ಹಬ್ಬಬಹುದು. 2024ರಿಂದ ಸೆನ್ಸಾರ್ ಪ್ರಮಾಣಪತ್ರದಲ್ಲಿ ಯುಎ 7+, 13+, 16+ (ಆ ವಯಸ್ಸಿಗಿಂತ ಕಿರಿಯರಿಗೆ ಪೋಷಕರ ಮಾರ್ಗದರ್ಶನ ಬೇಕು) ಎಂಬ ವಿಂಗಡಣೆ ಇರುವುದರಿಂದ, ಟಿಕೆಟ್ ಕೊಳ್ಳುವ ಮೊದಲು ಅದನ್ನು ಗಮನಿಸಿ.