ವಿಂಡ್ ಚಿಲ್ −45 ಡಿಗ್ರಿ ಇರುವಾಗ ಬಸ್ ನಿಲ್ದಾಣದವರೆಗೆ ನಡೆದು ಹೋಗಬಹುದೇ?

ಓದಲೆಂದು ಅಮೆರಿಕದ ಮಿನಿಯಾಪೊಲಿಸ್‌ಗೆ ಹೊರಟಿರುವ ನೀವು, ಹವಾಮಾನ ವರದಿಯಲ್ಲಿ ತಾಪಮಾನ ಒಂದು, ವಿಂಡ್ ಚಿಲ್ (ಗಾಳಿ ಬೀಸುವಾಗ ಮೈಗೆ ಎಷ್ಟು ಚಳಿ ಎನಿಸುತ್ತದೆ ಎಂಬ ಲೆಕ್ಕ) ಇನ್ನೊಂದು ಇದ್ದರೆ ಯಾವುದನ್ನು ನಂಬಬೇಕೆಂದು ಕೇಳಿದ್ದೀರಿ. ಎರಡೂ ನಿಜ. ಆದರೆ ಮನೆಯಿಂದ ಹೊರಗೆ ಕಾಲಿಡುವವರು ನೋಡಬೇಕಾದದ್ದು ಎರಡನೆಯದನ್ನು.

2019ರ ಜನವರಿ 30ರಂದು ನಾನು ಅದೇ ಊರಿನಲ್ಲಿದ್ದೆ. ಉತ್ತರ ಧ್ರುವದ ಮೇಲೆ ಸುತ್ತುವ ಗಾಳಿಯ ಸುಳಿ ಆ ತಿಂಗಳ ಆರಂಭದಲ್ಲಿ ಒಡೆದು, ಅಲ್ಲಿನ ಚಳಿ ಅಮೆರಿಕದ ನಡುನಾಡಿನವರೆಗೆ ಇಳಿದು ಬಂದಿತ್ತು. ಬೆಳಗಿನ ತಾಪಮಾನ −33 ಡಿಗ್ರಿ ಸೆಲ್ಸಿಯಸ್, ವಿಂಡ್ ಚಿಲ್ −47ಕ್ಕಿಂತಲೂ ಕೆಳಗೆ. ಅಂದು ಅಂಚೆ ಬಟವಾಡೆಯನ್ನೂ ನಿಲ್ಲಿಸಿದ್ದರು.

ನಮ್ಮ ಮೈಯ ಶಾಖದಿಂದ ಚರ್ಮಕ್ಕೆ ಅಂಟಿದಂತೆ ಬೆಚ್ಚನೆಯ ಗಾಳಿಯ ತೆಳುವಾದ ಪದರವೊಂದು ಇರುತ್ತದೆ. ಬೀಸುವ ಗಾಳಿ ಅದನ್ನು ಮತ್ತೆ ಮತ್ತೆ ಕಿತ್ತೊಯ್ಯುವುದರಿಂದ ಮೈ ಬೇಗನೆ ತಣ್ಣಗಾಗುತ್ತದೆ. ಆದರೆ ತನ್ನದೇ ಶಾಖವಿಲ್ಲದ, ಹೊರಗೆ ನಿಲ್ಲಿಸಿದ ಕಾರು ಎಷ್ಟೇ ಗಾಳಿ ಬೀಸಿದರೂ −33ಕ್ಕಿಂತ ತಣ್ಣಗಾಗುವುದಿಲ್ಲ. ಆದ್ದರಿಂದ ವಿಂಡ್ ಚಿಲ್ ಅನ್ನು, ತೆರೆದ ಚರ್ಮ ಹೆಪ್ಪುಗಟ್ಟುವ ಮುನ್ನ ಉಳಿದಿರುವ ಸಮಯವೆಂದು ಓದಿಕೊಳ್ಳಿ: −28ರ ಹೊತ್ತಿಗೆ ಸುಮಾರು ಅರ್ಧ ಗಂಟೆ, −47ರಲ್ಲಿ ಐದರಿಂದ ಹತ್ತು ನಿಮಿಷ.

ಅಂದು ನಾನು ಬಸ್ ಪಾಸ್ ಹುಡುಕಲು ಬಲಗೈಯ ಗವಸು ತೆಗೆದೆ. ಮೊದಲು ಬೆರಳುಗಳು ಬೆಂಕಿ ತಾಗಿದಂತೆ ಉರಿದವು, ಸ್ವಲ್ಪ ಹೊತ್ತಿಗೆ ಉರಿ ನಿಂತಿತು, ನಾನು ಚಳಿಗೆ ಒಗ್ಗಿಕೊಂಡೆನೆಂದೇ ತಿಳಿದೆ. ನಿಜವಾಗಿ ಬೆರಳುಗಳು ಮರಗಟ್ಟಿದ್ದವು. ಮನೆಗೆ ಮರಳಿ ನೋಡಿದಾಗ ಎರಡು ಬೆರಳ ತುದಿಗಳು ಮೇಣದಂತೆ ಬೆಳ್ಳಗಾಗಿದ್ದವು. ನಮ್ಮೂರಿನ ಅಭ್ಯಾಸದಂತೆ ಕೈ ಉಜ್ಜಲು ಹೋದಾಗ ಜೊತೆಗಿದ್ದ ಗೆಳೆಯ ತಡೆದ. ಹೆಪ್ಪುಗಟ್ಟಿದ ಚರ್ಮವನ್ನು ಉಜ್ಜಿದರೆ ಒಳಗೆ ಗಾಯವಾಗುತ್ತದೆ. ಮರಗಟ್ಟಿದ ಬೆರಳಿಗೆ ಸುಡುವುದೂ ತಿಳಿಯದ ಕಾರಣ ಹೀಟರಿಗೆ ಒಡ್ಡುವುದೂ ಅಪಾಯ. ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ ಕುಳಿತಾಗ ಸ್ಪರ್ಶ ಮರಳಿತು, ಅದರೊಂದಿಗೆ ಕಣ್ಣಲ್ಲಿ ನೀರು ಬರಿಸುವ ನೋವೂ. ಬಣ್ಣ ಮರಳದಿದ್ದರೆ ಅಥವಾ ಗುಳ್ಳೆ ಎದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಹಾಗಾಗಿ, ಅಂಥ ದಿನ ರಜೆ ಸಿಕ್ಕರೆ ದಯವಿಟ್ಟು ಮನೆಯಲ್ಲೇ ಇರಿ. ಹೋಗಲೇಬೇಕಾದರೆ ಬಸ್ ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಿಕೊಂಡೇ ಹೊರಡಿ, ಏಕೆಂದರೆ ನಡೆಯುವಾಗ ಇರುವ ಬಿಸಿ ನಿಂತು ಕಾಯುವಾಗ ಇರುವುದಿಲ್ಲ. ಬೆವರು ಹೀರಿ ಒದ್ದೆಯಾಗಿಯೇ ಉಳಿಯುವ ಹತ್ತಿಯ ಬನಿಯನ್ ಬದಲು ಉಣ್ಣೆಯದನ್ನು ತೊಡಿ. ನಾಲ್ಕು ಬೆರಳುಗಳೂ ಒಂದೇ ಚೀಲದಲ್ಲಿ ಕೂಡಿರುವ ಕೈಗವಸು ಕೊಳ್ಳಿ. ಪಾಸ್ ಮಾತ್ರ ಹೊರಜೇಬಿನಲ್ಲಿರಲಿ.