ಗಿರಣಿಯ ಊರಿಗೆ ಕುಣಿತದವರ ಹೆಸರು

ದಾವಣಗೆರೆಯ ಓದುಗರೊಬ್ಬರ ಪತ್ರ: “ಹತ್ತಿಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ನಮ್ಮದು. ಹಾಡು-ಕುಣಿತದ ಹುಚ್ಚಿನಿಂದ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ‘ಮ್ಯಾಡ್‌ಚೆಸ್ಟರ್’ ಎಂಬ ಅಡ್ಡಹೆಸರು ಬಿದ್ದುದನ್ನು ತಮ್ಮ ಪತ್ರಿಕೆ ಹೆಮ್ಮೆಯ ವಿಷಯವೆಂಬಂತೆ ಬರೆದಿದೆ. ಅದು ರೆಕಾರ್ಡ್ ಮಾರಲು ಕಂಪನಿಯವರು ಹುಟ್ಟಿಸಿದ ಹೆಸರಲ್ಲವೇ?”

ತಮ್ಮ ಸಂದೇಹಕ್ಕೆ ಆಧಾರವಿದೆ. ಆ ಹೆಸರನ್ನು ಸೂಚಿಸಿದವರು ಹ್ಯಾಪಿ ಮಂಡೇಸ್ ಎಂಬ ಅಲ್ಲಿನ ಸಂಗೀತ ತಂಡಕ್ಕೆ ವಿಡಿಯೊ ಮಾಡುತ್ತಿದ್ದ ಬೈಲಿ ಬ್ರದರ್ಸ್. 1989ರ ನವೆಂಬರಿನಲ್ಲಿ ಫ್ಯಾಕ್ಟರಿ ರೆಕಾರ್ಡ್ಸ್ ಸಂಸ್ಥೆ ಅದನ್ನು ತಂಡದ ರೆಕಾರ್ಡಿನ ಮೇಲೆ ಅಚ್ಚು ಹಾಕಿಸಿತು. ಆದರೆ ಪ್ರಚಾರಕರು ಕಟ್ಟುವ ಹೆಸರುಗಳಲ್ಲಿ ಬಹುಪಾಲು ಮರುವರ್ಷಕ್ಕೇ ಮರೆತುಹೋಗುವಾಗ ಇದೊಂದು ಊರಿಗೆ ಅಂಟಿಕೊಂಡದ್ದು ಏಕೆಂಬುದನ್ನು ತಾವು ಕೇಳಿಕೊಳ್ಳಲಿಲ್ಲ.

ಅದಕ್ಕೆ ಉತ್ತರ ಮ್ಯಾಂಚೆಸ್ಟರಿನ ಹಸಿಯೆಂಡಾ ಎಂಬ ಕುಣಿತದ ಕ್ಲಬ್ಬಿನಲ್ಲಿದೆ. ವಿಹಾರದೋಣಿಗಳನ್ನು ಮಾರುತ್ತಿದ್ದ ಮಳಿಗೆಯೊಂದರಲ್ಲಿ 1982ರಲ್ಲಿ ತೆರೆದ ಈ ಕ್ಲಬ್ಬು ವರ್ಷಗಟ್ಟಲೆ ನಷ್ಟದಲ್ಲೇ ನಡೆಯಿತು. ಅದನ್ನು ಉಳಿಸಿದ್ದು ಅದೇ ಫ್ಯಾಕ್ಟರಿ ಕಂಪನಿಯ ನ್ಯೂ ಆರ್ಡರ್ ಸಂಗೀತ ತಂಡದ ರೆಕಾರ್ಡುಗಳಿಂದ ಬಂದ ಹಣ. ಡಿ.ಜೆ. ಮೈಕ್ ಪಿಕರಿಂಗ್ ಅಲ್ಲಿ ಶುಕ್ರವಾರದ ರಾತ್ರಿಗಳಲ್ಲಿ ಷಿಕಾಗೋದ ‘ಹೌಸ್’ ಎಂಬ ಯಂತ್ರತಾಳದ ಕುಣಿತದ ಸಂಗೀತವನ್ನು ಹಾಕತೊಡಗಿ, ಗಿಟಾರಿನ ಹುಡುಗರೂ ಕುಣಿತದ ಹುಡುಗರೂ ಒಂದೇ ಅಂಗಳಕ್ಕೆ ಬಂದು ಸೇರಿದ ಮೇಲೆ, ಹೆಸರೊಂದೇ ಬಾಕಿ ಉಳಿದಿತ್ತು. ಕಂಪನಿ ಕೊಟ್ಟದ್ದು ಅದನ್ನು ಮಾತ್ರ, ಅದರೊಳಗಿನ ಜೀವವನ್ನಲ್ಲ.

ಅದಕ್ಕೂ ಮೊದಲಿನ ‘ನಾರ್ದರ್ನ್ ಸೋಲ್’ ಎಂಬ ಹೆಸರನ್ನೇ ನೋಡಿ. ಉತ್ತರ ಇಂಗ್ಲೆಂಡಿನಿಂದ ಲಂಡನ್ನಿಗೆ ಬರುತ್ತಿದ್ದ ಗಿರಾಕಿಗಳು ಹೊಸ ಹಾಡುಗಳನ್ನು ಬಿಟ್ಟು 1960ರ ದಶಕದ ಕಪ್ಪು ಅಮೆರಿಕನ್ನರ ವೇಗದ ‘ಸೋಲ್’ ಹಾಡುಗಳನ್ನೇ ಕೇಳುತ್ತಿದ್ದುದನ್ನು ಕಂಡು ಡೇವ್ ಗಾಡಿನ್ ಎಂಬ ರೆಕಾರ್ಡ್ ಅಂಗಡಿಯವರು ಅದನ್ನು ಬಳಕೆಗೆ ತಂದರು. ಹೆಸರಿಟ್ಟವರು ಲಂಡನ್ನಿನವರಾದರೂ ಮ್ಯಾಂಚೆಸ್ಟರಿನ ಕ್ಲಬ್ಬಾದ ಟ್ವಿಸ್ಟೆಡ್ ವೀಲ್‌ನಲ್ಲಿ, ಮುಂದೆ ವಿಗನ್ ಊರಿನ ಕ್ಯಾಸಿನೊ ಎಂಬ ಕ್ಲಬ್ಬಿನಲ್ಲಿ ಬೆಳಗಿನವರೆಗೆ ಕುಣಿದ ದುಡಿಯುವ ಮನೆಗಳ ಮಕ್ಕಳು ಅದನ್ನು ತಮ್ಮದಾಗಿಸಿಕೊಂಡರು.

ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಮ್ಯಾಂಚೆಸ್ಟರನ್ನು ‘ಕಾಟನೊಪೊಲಿಸ್’, ಎಂದರೆ ಹತ್ತಿಯ ನಗರಿ, ಎನ್ನುತ್ತಿದ್ದರು. ಆ ಹೆಸರು ತಂದ ಹತ್ತಿಯ ವ್ಯಾಪಾರ ಕುಸಿದ ಮೇಲೆ ಊರಿಗೆ ಮತ್ತೆ ಹುರುಪು ತಂದವರಲ್ಲಿ ಈ ಹುಡುಗರೂ ಇದ್ದರು ಎಂದು ನಾನು ನಂಬುತ್ತೇನೆ. ಆದರೂ 1997ರಲ್ಲಿ ಹಸಿಯೆಂಡಾ ಮುಚ್ಚಿತು, ಕಟ್ಟಡ ಕೆಡವಲಾಯಿತು, ಅದೇ ಜಾಗದಲ್ಲಿ ಅದೇ ಹೆಸರಿನ ವಸತಿ ಸಮುಚ್ಚಯ ಎದ್ದಿತು. ಸಂಗೀತಗಾರರು ಗಳಿಸಿಕೊಟ್ಟ ಹೆಸರನ್ನು ಜಮೀನಿನವರು ಮಾರಿಕೊಳ್ಳುವುದು ನನಗೆ ಅಡ್ಡಹೆಸರಿಗಿಂತ ಹೆಚ್ಚು ನೋವಿನ ಸಂಗತಿ.

ನಮ್ಮಲ್ಲಂತೂ ಊರಿಗೆ ಹೆಸರು ಹುಡುಕುವಾಗ ನಾವು ಹಾಡುವವರ ಮನೆಯ ಕಡೆ ತಿರುಗಿಯೂ ನೋಡುವುದಿಲ್ಲ. ಬೆಂಗಳೂರಿಗೆ ಸಿಲಿಕಾನ್, ದಾವಣಗೆರೆಗೆ ಗಿರಣಿ. ಅದೂ ಪರದೇಶದ ಎರವಲು. ಚಿಂದೋಡಿ ಲೀಲಾ ಅವರಂಥ ಕಲಾವಿದೆ ಬೆಳೆದ, ನಾಟಕ ಕಂಪನಿಗಳ ರಂಗಗೀತೆಗಳಿಗೆ ಕಿವಿಗೊಟ್ಟ ಊರು ತಮ್ಮದು. ಮ್ಯಾಂಚೆಸ್ಟರಿನ ಮಾನಕ್ಕಾಗಿ ಇಷ್ಟು ಕಳಕಳಿ ತೋರಿದ ತಾವು, ಆ ಕಂಪನಿಗಳಲ್ಲಿ ಹಾರ್ಮೋನಿಯಂ ಹಿಡಿದವರ ಬಗ್ಗೆ ಊರಿನ ಹಿರಿಯರನ್ನು ಕೇಳಿ ಬರೆದು ಕಳುಹಿಸಬೇಕು. ಅದಕ್ಕೆ ಪುಟ ಮೀಸಲಿಡುತ್ತೇನೆ.

– ಸಂಪಾದಕ